ಕೆಂಚ ಬಂದನೋ ಇಲ್ಲವೋ

ತುರುವೇಕೆರೆ
ಗುರುವಾರ, ೧೩ ನವೆಂಬರ್ ೨೦೨೫

ಹೊನ್ನವಳ್ಳಿಯ ಜ್ಞಾನೇಶ್ ಅವರಿಗೆ,

ಸಿಂಧು ಬರೆಯುತ್ತಿರುವುದು. ನಿಮ್ಮ ಹೆಸರಿನ ಹಿಂದೆ ಯಾವ ಮಾತು ಹಾಕಬೇಕೆಂಬುದು ಈ ಒಂದು ವರ್ಷದಲ್ಲಿ ಮರೆತೇ ಹೋಗಿದೆ, ಅದಕ್ಕೆ ಊರಿನ ಹೆಸರನ್ನೇ ಹಾಕಿದ್ದೇನೆ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಅತ್ತೆಯ ಫೋನಿನಿಂದ ತಿಳಿಯಿತು. ನಿಮ್ಮಿಂದಲೇ ತಿಳಿಯಲಿ ಎಂಬ ಆಸೆಯನ್ನು ಬಿಟ್ಟು ಬಹಳ ದಿನವಾಯಿತು.

ಫೋನು ಮಾಡಬಹುದಿತ್ತಲ್ಲ, ಕಾಗದ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನೀವು "ಹ್ಞೂಂ" ಅನ್ನುತ್ತೀರಿ, ಇಲ್ಲವೇ "ನೋಡಾನ ಬುಡು" ಅನ್ನುತ್ತೀರಿ. ವಾಟ್ಸಾಪಿನಲ್ಲಿ ನಾನು ಅರ್ಧ ಪುಟ ಬರೆದರೆ ಅದಕ್ಕೆ ಉತ್ತರವಾಗಿ ಒಂದು ಹೆಬ್ಬೆರಳು ಬರುತ್ತದೆ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೆ ನೀವು ಸುಮ್ಮನಿರಲೇಬೇಕು. ಅದು ಹೇಗೂ ನಿಮಗೆ ಚೆನ್ನಾಗಿ ಬರುವ ಕೆಲಸ.

ಸೋಮವಾರ ಎರಡು ಬಂದವು. ಬೆಳಿಗ್ಗೆ ನೀವು ಕಳಿಸಿದ ಪುಸ್ತಕ, ಸಂಜೆ ವಕೀಲರ ಕಾಗದ. ಪುಸ್ತಕ ತಂದುಕೊಟ್ಟವರು ನಿಮ್ಮ ಮೋಟಾರ್ ರಿಪೇರಿಯ ಲಿಯಾಕತ್ ಅಲಿ. ಇಲ್ಲಿ ಯಾರದೋ ಬೋರಿನ ಮೋಟಾರ್ ಎತ್ತುವುದಿತ್ತಂತೆ. ನಾನು ಕೆಲಸ ಮಾಡುವ ಲ್ಯಾಬಿನ ಬಾಗಿಲಲ್ಲಿ ನಿಂತು, "ಮೇಡಂ, ನಿಮ್ ಯಜಮಾನ್ರು ಇದನ್ನ ಟೂಲ್ ಜೊತೆ ಹಾಕ್ಬ್ಯಾಡಣ್ಣ, ಸೀಟ್ ಮ್ಯಾಲೆ ಇಟ್ಕಂಡ್ ಹೋಗು ಅಂದ್ರು. ಅದ್ಕೆ ಟೂಲೆಲ್ಲ ಹಿಂದೆ, ಇದು ಮುಂದೆ" ಅಂದರು. ಅವರು ಹೋದ ಮೇಲೆ ಪುಸ್ತಕವನ್ನು ತಲೆಕೆಳಗು ಮಾಡಿ ಒದರಿದೆ. ಒಂದು ಚೀಟಿ ಬೀಳಲಿಲ್ಲ. ಮೊದಲ ಪುಟದಲ್ಲಿ ನನ್ನ ಹೆಸರೂ ಇಲ್ಲ, ನಿಮ್ಮದೂ ಇಲ್ಲ. ಅಷ್ಟು ಜೋಪಾನವಾಗಿ ಕಳಿಸುವವರಿಗೆ ಎರಡು ಸಾಲು ಬರೆಯಲು ಏನು ಬಂದಿತ್ತು ಹೇಳಿ.

ವಕೀಲರ ಕಾಗದದ ಮಾತು ಆಮೇಲೆ. ಮೊದಲು ಪುಸ್ತಕದ ಮಾತು. ನನಗೆ ಸಿಟ್ಟು ಬಂದಿರುವುದು ಪುಸ್ತಕದ ಮೇಲೆ.

ಇಂಥದ್ದನ್ನು ಯಾರಾದರೂ ಅಚ್ಚು ಹಾಕಿಸುತ್ತಾರೆಯೇ? 'ಉಳಿದ ಎಳೆಗಳು' ಎಂದು ಹೆಸರು ಬೇರೆ. ಎಳೆ ಸರಿ, ಬಟ್ಟೆ ಎಲ್ಲಿ? ಕರಿಗಂಬಳಿ ಸೀಮೆಯ ಕಥೆಯನ್ನು ಐದು ಪುಸ್ತಕದವರೆಗೆ ತಂದು ಲಕ್ಷ್ಮಯ್ಯ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮೊಮ್ಮಗ ಮೋಕ್ಷಿತ್ ಅಲ್ಮೇರಾದಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿ ತುಂಬಿದ್ದಾನೆ. ಒಂಬತ್ತು ಕಥೆ, ಒಂದಕ್ಕೂ ಕೊನೆ ಇಲ್ಲ. ಓದುತ್ತಾ ಓದುತ್ತಾ ಮೈಮರೆತಿರುತ್ತೇನೆ, ಇದ್ದಕ್ಕಿದ್ದ ಹಾಗೆ ಕಂಸದೊಳಗೆ 'ಹಸ್ತಪ್ರತಿ ಇಲ್ಲಿಗೆ ನಿಂತಿದೆ' ಎಂದು ಬರುತ್ತದೆ. ಮೊದಲ ಸಲ ಅಯ್ಯೋ ಪಾಪ ಅನಿಸಿತು. ಎರಡನೆಯ ಸಲ ಹಾಳೆ ತಿರುಗಿಸಿ ತಿರುಗಿಸಿ ನೋಡಿದೆ. ಮೂರನೆಯ ಸಲಕ್ಕೆ ಪುಸ್ತಕವನ್ನು ಮಂಚದ ಮೇಲೆ ಎಸೆದು ಹೋಗಿ ಪಾತ್ರೆ ತೊಳೆದೆ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎರಡನೆಯ ಕಥೆಯಲ್ಲಿ ಉಪ್ಪಿನ ಒಡೆಯ ಕೂತು ಮುದ್ದೆ ಉಣ್ಣುತ್ತಿದ್ದಾನೆ. ಅವನು ಮೂರನೆಯ ಪುಸ್ತಕದಲ್ಲೇ ಸತ್ತನಲ್ಲ! ನೀವು ಅದನ್ನು ಓದುವಾಗ ನಾನು ಅತ್ತು, ಅತ್ತೆ ನನಗೆ ಬೈದು, ಅಷ್ಟೆಲ್ಲ ಆಗಿತ್ತಲ್ಲ. ನಾಲ್ಕನೆಯ ಕಥೆಯಲ್ಲಿ ಕುದುರೆ ಬೆಟ್ಟ ಹತ್ತುವಾಗ ಕಪ್ಪು, ಇಳಿಯುವಾಗ ಬಿಳಿ. ಆರನೆಯದರಲ್ಲಿ ಒಂದೇ ಶುರುವನ್ನು ಮೂರು ಬಗೆಯಾಗಿ ಬರೆದು ಮೂರನ್ನೂ ಕೈಬಿಟ್ಟಿದ್ದಾರೆ, ಆ ಮಹಾನುಭಾವ ಮೂರನ್ನೂ ಅಚ್ಚು ಮಾಡಿಸಿದ್ದಾನೆ. ಮೇಷ್ಟ್ರು ಹಾಳೆಯ ಅಂಚಿನಲ್ಲಿ 'ಗ್ಯಾಸ್ ಸಿಲಿಂಡರಿಗೆ ಹೇಳಬೇಕು' ಎಂದು ಬರೆದುಕೊಂಡಿದ್ದರಂತೆ. ಅದನ್ನೂ ಬಿಡದೆ ಸೇರಿಸಿ, ಕೆಳಗೆ 'ಇಲ್ಲಿ ಲೇಖಕರ ಆಶಯ ಸ್ಪಷ್ಟವಿಲ್ಲ' ಎಂಬ ಟಿಪ್ಪಣಿ ಹಾಕಿದ್ದಾನೆ. ಲೇಖಕರ ಆಶಯ ಕಾಫಿ ಕುಡಿಯುವುದಾಗಿತ್ತು, ಮತ್ತೇನು?

ಲ್ಯಾಬಿನಲ್ಲಿ ನನ್ನ ಜೊತೆ ಇರುವ ನಿಖತ್ ಈ ಕಥೆಗಳನ್ನು ಓದಿದವಳಲ್ಲ. ನಾನು ಊಟದ ಡಬ್ಬಿ ಮುಂದಿಟ್ಟುಕೊಂಡು ಗೊಣಗುವುದನ್ನು ನೋಡಿ ಏನಕ್ಕಾ ಅದು ಎಂದು ಕೇಳಿದಳು. ಹೇಳಿದೆ. ಕರಿಗಂಬಳಿ ಸೀಮೆ ಅಂತ ಒಂದು ನಾಡು, ಅಲ್ಲಿ ರಾತ್ರಿ ತಾನಾಗಿ ಬರುವುದಿಲ್ಲ, ಮಾಳವ್ವ ಎಂಬಾಕೆ ಕರಿ ಉಣ್ಣೆಯಲ್ಲಿ ಅದನ್ನು ನೇಯ್ದು ಸಂಜೆಯಾದ ಮೇಲೆ ಊರ ಮೇಲೆ ಹೊದಿಸಬೇಕು. ಅವಳ ಗಂಡ ಕೆಂಚ ಕುರಿ ಕಾಯುವವನು. ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕುತ್ತಾ ಅವನು ಕಂಬಳಿಯ ಅಂಚನ್ನೇ ದಾಟಿ ಹೋಗಿಬಿಟ್ಟ. ಅಂಚಿನಾಚೆ ಏನಿದೆಯೋ ಯಾರೂ ಕಂಡಿಲ್ಲ. ಅವನು ಬಂದರೆ ಒಳಗೆ ನುಸುಳಲಿ ಎಂದು ಅವಳು ಪ್ರತಿ ಸಂಜೆ ಕಂಬಳಿಯ ಮೂಲೆಯಲ್ಲಿ ಒಂದು ಕಂಡಿ ಬಿಟ್ಟು ನೇಯುತ್ತಾಳೆ, ಆ ಕಂಡಿಯಿಂದ ಚಳಿಗಾಳಿ ನುಗ್ಗಿ ಊರಿನವರೆಲ್ಲ ಅವಳನ್ನು ಶಪಿಸುತ್ತಾರೆ. ಐದನೆಯ ಪುಸ್ತಕ ಅಲ್ಲಿಗೆ ಮುಗಿಯಿತು. ಕೆಂಚ ಬಂದನೋ ಇಲ್ಲವೋ ಹೇಳದೆ ಮೇಷ್ಟ್ರು ಹೋಗಿಬಿಟ್ಟರು ಎಂದೆ.

ನಿಖತ್ ಚಪಾತಿ ಮುರಿಯುತ್ತಾ ಕೂತು ಕೇಳಿದಳು. "ಅಕ್ಕಾ, ಸಿಟ್ಟು ಮೇಷ್ಟ್ರ ಮ್ಯಾಲಾ, ಭಾವನ ಮ್ಯಾಲಾ?" ಅಂದಳು. ಡಬ್ಬಿ ಮುಚ್ಚಿಕೊಂಡು ಕೆಲಸ ನೋಡು ಹೋಗೇ ಅಂದೆ.

ಆದರೆ ಐದು ಪುಸ್ತಕಗಳನ್ನೂ ನಾನು ಒಬ್ಬಳೇ ಕೂತು ಓದಿದವಳಲ್ಲ, ಅದೇ ತೊಂದರೆಯಾಗಿರುವುದು. ಊಟವಾದ ಮೇಲೆ ನೀವು ಜಗುಲಿಯಲ್ಲಿ ಗೋಡೆಗೆ ಒರಗಿ ಓದುತ್ತಿದ್ದಿರಿ, ನಾನು ಅವರೆಕಾಯಿಯನ್ನೋ ಅಕ್ಕಿಯನ್ನೋ ಹಸನು ಮಾಡುತ್ತಾ ಕೇಳುತ್ತಿದ್ದೆ. ಕರೆಂಟು ಹೋದರೆ ನಾನು ಟಾರ್ಚು ಹಿಡಿಯುತ್ತಿದ್ದೆ. ದಿನಕ್ಕೊಂದೇ ಅಧ್ಯಾಯ, ಯಾರೂ ಮುಂದಕ್ಕೆ ಕದ್ದು ಓದುವಂತಿಲ್ಲ ಎಂದು ಮಾತಾಗಿತ್ತು. ಒಮ್ಮೆ ನೀವು ಕದ್ದು ಓದಿದ್ದಿರಿ. ಉಪ್ಪಿನ ಒಡೆಯ ಸಾಯುವ ಕಡೆ ನಿಮ್ಮ ದನಿ ಸ್ವಲ್ಪವೂ ಅಲುಗಲಿಲ್ಲ, ಅಷ್ಟರಲ್ಲೇ ಸಿಕ್ಕಿಬಿದ್ದಿರಿ. ಅತ್ತೆ ಬತ್ತಿ ಹೊಸೆಯುವ ನೆಪದಲ್ಲಿ ಬಾಗಿಲ ಹಿಂದೆ ಕೂತು, "ಆ ಕೆಂಚನಿಗೆ ಬ್ಯಾರೆ ಕ್ಯಾಮೆ ಇಲ್ವಾ, ಒಂದ್ ಕುರಿಗೋಸ್ಕರ ಮನೆ ಬುಟ್ಟು ಹೋಗವ್ನೆ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅವನು ಬಂದೇ ಬರುತ್ತಾನೆ ಎಂದು ನೀವು, ಬರುವುದಿಲ್ಲ ಎಂದು ನಾನು. ಆ ಜಗಳವನ್ನು ಬಾಯಿ ಬಿಟ್ಟು ಆಡುತ್ತಿದ್ದಿರಿ. ಬೇರೆ ಜಗಳಗಳಲ್ಲಿ ನಿಮ್ಮ ಬಾಯಿಗೆ ಬೀಗ.

ನಮ್ಮ ಮನೆಯಲ್ಲಿ, ನಿಮ್ಮ ಮನೆಯಲ್ಲಿ ಎಂದು ಓದಿಕೊಳ್ಳಿ, ಪೂರ್ತಿಯಾದ ಕೆಲಸ ಯಾವುದಿದೆ ಹೇಳಿ. ಬಚ್ಚಲಿನ ಗೋಡೆ ಎದೆಮಟ್ಟಕ್ಕೆ ಬಂದು ನಿಂತಿದೆ. ಮೋಟಾರ್ ಶೆಡ್ಡಿಗೆ ಬಾಗಿಲಿನ ಚೌಕಟ್ಟಿದೆ, ಬಾಗಿಲಿಲ್ಲ. ತೋಟದ ಬೇಲಿ ಪಕ್ಕದವರ ಬೇವಿನ ಮರದವರೆಗೆ ಬಂದು ಸುಸ್ತಾಗಿದೆ. ನೀವು ಹಿಡಿದು ಮುಗಿಸುತ್ತಿದ್ದ ಕೆಲಸವೆಂದರೆ ಓದುವುದೊಂದೇ. ಅದಕ್ಕೇ ನಾನು ಅಷ್ಟು ವರ್ಷ ಬೇರೆಲ್ಲದಕ್ಕೂ ಹೊಂದಿಕೊಂಡೆ ಎಂದು ಈಗ ಅನಿಸುತ್ತದೆ.

ಅಂಥವರು ಈ ಸಲ ಏನು ಮಾಡಿದ್ದೀರಿ? ನನ್ನನ್ನು ಬಿಟ್ಟು ಓದಿದ್ದೀರಿ. ಇಲ್ಲ ಅನ್ನಬೇಡಿ. ಪುಟದ ಬಲಗಡೆ ಕೆಳಗೆ ಹೆಬ್ಬೆರಳಿನ ಎಣ್ಣೆ ಗುರುತಿದೆ, ಬೆಳಕಿಗೆ ಹಿಡಿದರೆ ಆಚೆ ಪುಟದ ಅಕ್ಷರ ಕಾಣುತ್ತದೆ. ಕೊಬ್ಬರಿ ಒಡೆದ ಕೈಯನ್ನು ಲುಂಗಿಗೆ ಒರೆಸಿಕೊಂಡು ಪುಸ್ತಕ ಹಿಡಿಯುವವರು ಜಿಲ್ಲೆಯಲ್ಲಿ ಎಷ್ಟೋ ಜನ ಇರಬಹುದು, ಆದರೆ ಓದುವಾಗ ಪುಟದ ಅದೇ ಮೂಲೆಯನ್ನು ಅಷ್ಟು ಹೊತ್ತು ಒತ್ತಿ ಹಿಡಿಯುವವರು ನೀವೊಬ್ಬರೇ. ಒಬ್ಬರೇ ಓದಿಕೊಂಡು, ರುಚಿ ನೋಡಿ ಉಳಿದದ್ದನ್ನು ಕಳಿಸಿದ ಹಾಗೆ ನನಗೆ ಕಳಿಸಿದಿರಿ. ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನು ಕೊನೆಯ ಕಥೆ, 'ಅಂಚು'. ಕೆಂಚನ ಸುದ್ದಿ ಇರುವುದು ಅದೊಂದರಲ್ಲೇ ಎಂದು ಮೋಕ್ಷಿತ್ ಮುನ್ನುಡಿಯಲ್ಲಿ ಬರೆದಿದ್ದಾನಲ್ಲ. ಅದರಲ್ಲಿ ಏನಾಗುತ್ತದೆ ಗೊತ್ತೇ? ಕೆಂಚ ಬರುತ್ತಾನೆ. ಕಂಬಳಿಯ ಆಚೆ ನಿಲ್ಲುತ್ತಾನೆ, ಕಂಡಿಯೊಳಗೆ ಕೈ ತೂರಿಸುತ್ತಾನೆ. ಒಳಗೆ ಮಗ್ಗದ ಮುಂದೆ ಕೂತಿದ್ದ ಮಾಳವ್ವ ಯಾರದು ಅನ್ನುತ್ತಾಳೆ. ಅವನು ಬಾಯಿ ತೆರೆಯುತ್ತಾನೆ. ಅಲ್ಲಿಗೆ ಹಸ್ತಪ್ರತಿ ನಿಂತಿದೆ! ಒಂದು ಮಾತು ರೀ, ಒಂದೇ ಒಂದು ಮಾತು. 'ನಾನು ಕಣೇ' ಎಂದು ಬರೆದು ಪೆನ್ನು ಕೆಳಗಿಟ್ಟಿದ್ದರೆ ಮೇಷ್ಟ್ರ ಗಂಟು ಏನು ಹೋಗುತ್ತಿತ್ತು? ಅಷ್ಟು ದೂರದಿಂದ ಕರೆದುಕೊಂಡು ಬಂದು ಬಾಗಿಲಲ್ಲಿ ಮೂಗನಾಗಿ ನಿಲ್ಲಿಸುವುದಕ್ಕಿಂತ ಅವನು ಅಂಚಿನಾಚೆಯೇ ಇದ್ದಿದ್ದರೆ ವಾಸಿಯಾಗಿತ್ತು. ಅವಳು ಇಷ್ಟು ವರ್ಷ ಊರವರ ಕೈಲಿ ಬೈಸಿಕೊಂಡು ಕಂಡಿ ಬಿಟ್ಟು ನೇಯ್ದದ್ದು ಇದಕ್ಕಾಗಿಯೇ?

ಹೀಗೆ ಅರ್ಧಕ್ಕೆ ನಿಂತ ಮಾತನ್ನು ಇಟ್ಟುಕೊಂಡು ಕಾಯುವುದು ಏನೆಂದು ನನಗೆ ಗೊತ್ತು. ಹೋದ ವರ್ಷ ಇದೇ ಕಾರ್ತಿಕದಲ್ಲಿ ವರ್ಷಕ್ಕೆ ನೀರೊಣಗಿ ಕೊಬ್ಬರಿಯಾಗಲೆಂದು ಅಟ್ಟಕ್ಕೆ ಕಾಯಿ ತುಂಬುತ್ತಿದ್ದಿರಿ. ಕೆಳಗಿನಿಂದ ಒಬ್ಬರ ಕೈಯಿಂದ ಒಬ್ಬರ ಕೈಗೆ ಕಾಯಿ ಏರುತ್ತಿತ್ತು, ನೀವು ಏಣಿಯ ಮಧ್ಯದಲ್ಲಿದ್ದಿರಿ. ನಾನು ಬ್ಯಾಗು ಹಿಡಿದು ಕೆಳಗೆ ನಿಂತಿದ್ದೆ. ತುರುವೇಕೆರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ತಿಂಗಳಾಗಿತ್ತು. ಹೋಗು ಅನ್ನಿ, ಇಲ್ಲವೇ ಹೋಗಬೇಡ ಅನ್ನಿ, ಎರಡರಲ್ಲಿ ಒಂದು ಹೇಳಿ ಎಂದು ಆ ತಿಂಗಳೆಲ್ಲ ತಲೆ ಚಚ್ಚಿಕೊಂಡಿದ್ದೆ. ಹೋಗು ಅಂದಿದ್ದರೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೇಡ ಅಂದಿದ್ದರೆ ಜಗಳವಾಡಿ ಹೋಗಿ ಬರುತ್ತಿದ್ದೆ. ನೋಡಾನ ಬುಡು ಎಂಬುದನ್ನು ಇಟ್ಟುಕೊಂಡು ನಾನು ಏನು ಮಾಡಬೇಕಿತ್ತು? ಅಣ್ಣನ ಮನೆಗೇ ಹೋಗಿ ಇರುತ್ತೇನೆ ಎಂದೆ. ಆಗ ನೀವು ಏಣಿಯಿಂದ ತಿರುಗಿ ನೋಡಿ, "ನೀನ್ ಹೋದ್ರೆ ನಾನು" ಅಂದಿರಿ. ಅಷ್ಟರಲ್ಲಿ ಮೇಲಿನಿಂದ ಯಾರೋ "ಅಣ್ಣಾ, ಕಾಯಿ ಕೊಡಣ್ಣೋ" ಎಂದು ಕೂಗಿದರು. ನೀವು ಕಾಯಿ ಕೊಟ್ಟಿರಿ. ಆಮೇಲೆ ಇನ್ನೊಂದು ಕೊಟ್ಟಿರಿ. ಆ ಕಾಯಿ ಮಂಕರಿ ಖಾಲಿಯಾಗುವವರೆಗೂ ನಾನು ಅಲ್ಲೇ ನಿಂತಿದ್ದೆ, ನಿಮಗೆ ಗೊತ್ತಿತ್ತೋ ಇಲ್ಲವೋ.

ನೀನು ಹೋದರೆ ನಾನು ಏನು? ಸಾಯುತ್ತೇನೆಯೋ, ಹಾಯಾಗಿರುತ್ತೇನೆಯೋ, ಬಚ್ಚಲ ಗೋಡೆ ಮುಗಿಸುತ್ತೇನೆಯೋ? ವರ್ಷವೆಲ್ಲ ಇದೊಂದೇ ಯೋಚನೆ ಮಾಡಿ ರೋಸಿ ಹೋಗಿದ್ದೇನೆ.

ಈಗ ವಕೀಲರ ಕಾಗದ. ಒಪ್ಪಿಗೆಯ ಮೇಲೆ ಬೇರೆಯಾಗುವುದಾದರೆ ಗಂಡ ಹೆಂಡತಿ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕಂತೆ. ಆ ವರ್ಷ ತುಂಬುತ್ತಾ ಬಂತು, ಇಬ್ಬರೂ ಸಹಿ ಹಾಕಿ ತಿಪಟೂರಿನ ಕೋರ್ಟಿಗೆ ಹಾಕುವುದೊಂದೇ ಬಾಕಿ ಎಂದು ರಂಗಣ್ಣ ಓಡಾಡುತ್ತಿದ್ದಾನೆ. ತಂಗಿ ಹೀಗೆ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಇರುವುದನ್ನು ನೋಡಲಾರದೆ ಓಡಾಡುತ್ತಾನೆ, ಅವನ ಮೇಲೆ ನನಗೆ ಬೇಸರವಿಲ್ಲ. ಭಾನುವಾರ ಹೊನ್ನವಳ್ಳಿಗೆ ಬಂದು ನಿಮ್ಮ ಸಹಿ ಹಾಕಿಸಿಕೊಂಡು ಹೋದನಲ್ಲ, ಆ ಕಾಗದವನ್ನು ಮಾರನೆಯ ದಿನ ನನ್ನ ಮುಂದಿಟ್ಟ. ನೋಡಿದೆ. 'ಜ್ಞಾ' ಎಂದು ಬರೆದಿದ್ದೀರಿ. ಆಮೇಲೆ ಒಂದು ಗೀಟು, ಅಷ್ಟೆ. ಸಹಿಯನ್ನೂ ಅರ್ಧಕ್ಕೆ ಬಿಡುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ! ಯಾಕಣ್ಣ ಹೀಗೆ ಎಂದರೆ, "ಪೆನ್ನಾಗೆ ಇಂಕ್ ಮುಗೀತು ಅಂದ ಕಣಮ್ಮ ನಿನ್ ಗಂಡ. ನನ್ ಜೇಬಲ್ಲಿ ಇನ್ನೆರಡು ಪೆನ್ನಿದ್ವು. ಕೊಡೋಕ್ ಹೋದ್ರೆ ಎದ್ದು ದನಕ್ಕೆ ನೀರಿಡೋಕೆ ಹೋದ" ಎಂದ. ಇದು ನಡೆಯುವುದಿಲ್ಲ, ಪೂರ್ತಿ ಸಹಿ ಬೇಕೆಂದು ವಕೀಲರು ಹೇಳಿದ್ದಾರೆ. ನನ್ನ ಸಹಿಯ ಜಾಗ ಖಾಲಿ ಇದೆ.

ಕೊಬ್ಬರಿಯ ವಿಷಯವೂ ಕಿವಿಗೆ ಬಿತ್ತು. ನಿನ್ನೆ ಅತ್ತೆ ಫೋನು ಮಾಡಿ ಗೋಳಾಡಿದರು. ಊರಿನವರೆಲ್ಲ ಹೋದ ವರ್ಷದ ಕಾಯಿ ಇಳಿಸಿ ಒಡೆದು ಮಾರಿಯಾಯಿತಂತೆ, ಇಂಥ ರೇಟನ್ನು ಅವರು ತಮ್ಮ ಆಯುಸ್ಸಿನಲ್ಲೇ ಕಂಡಿಲ್ಲವಂತೆ. ನೀವು ಮುಯ್ಯಾಳಾಗಿ, ಕೆಲಸಕ್ಕೆ ಕೆಲಸ ಎಂದು, ಊರವರ ಮನೆಯ ಕೊಬ್ಬರಿ ಒಡೆಯಲು ಹೋಗುತ್ತೀರಿ, ನಮ್ಮ ಅಟ್ಟಕ್ಕೆ ಮಾತ್ರ ಕೈ ಹಚ್ಚುವುದಿಲ್ಲವಂತೆ. "ಒತ್ತಾರೆ ಎದ್ದು ಅಟ್ಟ ಹತ್ತುತಾನೆ ಕಣವ್ವ. ಒಂದ್ ಕಾಯಿ ತಗಂಡು ಕಿವಿತಾವ ಅಲ್ಲಾಡಿಸ್ತಾನೆ. ನಂಗೆ ಕೆಳಗ್ ನಿಂತ್ರೇ ಒಳಗೆ ಒಣಗಿದ್ ಕೊಬ್ರಿ ಲೊಟಲೊಟ ಅಂತ ಕೇಳುಸ್ತದೆ, ಇವ್ನು ಇನ್ನೂ ನೀರೈತೆ ಕಣವ್ವ ಅಂತ ವಾಪಸ್ ಇಟ್ಟು ಇಳೀತಾನೆ. ಕಿವಿ ಕೆಟ್ಟೋಯ್ತಾ ಇವ್ನಿಗೆ?" ಎಂದು ಅತ್ತರು. ನಿಮ್ಮ ಕಿವಿ ಕೆಟ್ಟಿಲ್ಲವೆಂದು ನನಗೆ ಗೊತ್ತು. ಅಡಿಗೆಮನೆಯಲ್ಲಿ ನಾನು ಲೋಟ ಕುಕ್ಕಿದ ಸದ್ದಿಗೇ ಎಷ್ಟು ಸಿಟ್ಟೆಂದು ಹೇಳುತ್ತಿದ್ದವರು ನೀವು. ಇಲಿ ಹೊಕ್ಕರೆ, ಹುಳು ಬಿದ್ದರೆ ವರ್ಷದ ಫಲ ಮಣ್ಣುಪಾಲಾಗುತ್ತದೆ. ಆ ಮುದುಕಿಯ ಕಣ್ಣಲ್ಲಿ ಯಾಕೆ ನೀರು ಹಾಕಿಸುತ್ತೀರಿ? "ನೀನಾರ ಹೇಳವ್ವ ಅವ್ನಿಗೆ" ಎಂದು ನನ್ನನ್ನು ಕೇಳಿದರು. ಹೇಳುವುದಕ್ಕೆ ನಾನ್ಯಾರು?

ಇಷ್ಟೇ ನನ್ನ ಮಾತು. ಪುಸ್ತಕ ಕಳಿಸಿದ್ದಕ್ಕೆ ಉಪಕಾರವಾಯಿತು ಎಂದು ಬರೆಯಬೇಕು, ಆದರೆ ಉಪಕಾರವಾಗಿಲ್ಲ, ತಲೆನೋವಾಗಿದೆ. ಅತ್ತೆಗೆ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾಳೆ ಲಿಯಾಕತ್ ಅಲಿ ರಿಪೇರಿಯಾದ ಮೋಟಾರ್ ಇಳಿಸಲು ಮತ್ತೆ ಬರುತ್ತಾರಂತೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಸೀಟಿನ ಮೇಲೆ ಇಟ್ಟುಕೊಂಡು ಹೋಗಿ ಎಂದು ನಾನೂ ಹೇಳುತ್ತೇನೆ.

ಹೀಗೆಂದು,
ಸಿಂಧು
(ಸಹಿ ಪೂರ್ತಿಯಾಗಿದೆ, ನೋಡಿಕೊಳ್ಳಿ)

ವಿ.ಸೂ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. 'ಅಂಚು' ಕಥೆಯನ್ನು ನಾನು ಓದಿಲ್ಲ. ಕೆಂಚ ಬಂದದ್ದು, ಕಂಡಿಯಲ್ಲಿ ಕೈ ತೂರಿಸಿದ್ದು, ಅವಳು ಯಾರದು ಎಂದದ್ದು, ಎಲ್ಲ ನಾನು ಕಟ್ಟಿದ್ದು. ಅವನು ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಎಣ್ಣೆಗೈ ಗುರುತು ಎಂಟನೆಯ ಕಥೆಯ ಕೊನೆಗೇ ನಿಂತಿದೆ, 'ಅಂಚು' ಶುರುವಾಗುವಲ್ಲಿಂದ ಹಾಳೆಗಳು ಬೆಳ್ಳಗಿವೆ. ನೀವು ಓದದೆ ಉಳಿಸಿ ಕಳಿಸಿದ್ದನ್ನು ನಾನು ಒಬ್ಬಳೇ ಹೇಗೆ ಓದಲಿ?

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಪುಸ್ತಕ ತರುತ್ತೇನೆ, ಆ ಪುಟಕ್ಕೆ ಗುರುತಿಗೆಂದು ವಕೀಲರ ಕಾಗದವನ್ನೇ ಮಡಚಿ ಇಟ್ಟಿದ್ದೇನೆ. ಜಗುಲಿಯಲ್ಲಿ ಕೂತು ಓದಿ. ಮೇಷ್ಟ್ರ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ಪುಸ್ತಕ ಮುಚ್ಚಿ, ನಿಮ್ಮ ಮಾತನ್ನು ಏಣಿಯ ಮೇಲೆ ಬಿಟ್ಟಲ್ಲಿಂದ ಹೇಳಿ ಮುಗಿಸಿ. ಏನಿದ್ದರೂ ಸರಿ, ಮುಗಿಸಿ. ಆಗಲೂ ನೋಡಾನ ಬುಡು ಅಂದರೆ ಅಲ್ಲೇ ಸಹಿ ಹಾಕಿ ಸಂಜೆಯ ಬಸ್ಸು ಹಿಡಿಯುತ್ತೇನೆ, ಪೆನ್ನು ನನ್ನ ಬಳಿ ಇದೆ.

ಹೇಳುವುದಕ್ಕೆ ನಾನ್ಯಾರು ಎಂದು ಮೇಲೆ ಬರೆದೆನಲ್ಲ, ಅದೂ ನಿಜವಲ್ಲ, ನಿನ್ನೆಯೇ ಅತ್ತೆಗೆ ಹೇಳಿದೆ. ಭಾನುವಾರ ನಾನು ಬರುವವರೆಗೆ ಅಟ್ಟದ ಕಾಯಿಗೆ ಯಾರೂ ಕೈ ಹಚ್ಚಬೇಡಿ ಅತ್ತೆ, ನೀರಿದೆ ಎಂದು ಅವರು ಹೇಳಿದರೆ ಇರುತ್ತದೆ ಎಂದೆ.